ತೆರೆ, ಪರದೆ, ಬಿಂಬ: ಪ್ರೊಜೆಕ್ಟರ್ ಚಿತ್ರದ ಫೋಟೋ ತೆಗೆಯುವಾಗ ಬೇಕಾಗುವ ಪದಗಳು

ಎಲ್ಲರಿಗೂ ನಮಸ್ಕಾರ.

ಮನೆಯ ಪ್ರೊಜೆಕ್ಟರ್‌ನಿಂದ ಬಟ್ಟೆ ಅಥವಾ ಗೋಡೆಯ ಮೇಲೆ ಮೂಡುವ ಚಿತ್ರವನ್ನು ಡಿಜಿಟಲ್ ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಪ್ರೊಜೆಕ್ಟರ್, ಕ್ಯಾಮೆರಾ, ಲೆನ್ಸ್, ಶಟರ್, ಇವಕ್ಕೆಲ್ಲ ಹೊಸ ಪದ ಬೇಡ. ಎಲ್ಲರ ಬಾಯಲ್ಲೂ ಇವೆ. ತೊಡಕಾಗಿರುವುದು ಬೇರೆ ಕಡೆ. ಒಂದೇ ಸಾಲಿನಲ್ಲಿ ಮೂರು 'ಚಿತ್ರ' ಬಂದುಬಿಡುತ್ತವೆ. ಓಡುತ್ತಿರುವ ಸಿನಿಮಾ ಚಿತ್ರ, ಬಟ್ಟೆಯ ಮೇಲೆ ಕಾಣುವುದು ಚಿತ್ರ, ಕ್ಯಾಮೆರಾ ತೆಗೆದದ್ದೂ ಚಿತ್ರ. 'ಚಿತ್ರ ಮಸುಕಾಗಿದ್ದರೆ ಫೋಕಸ್ ಸರಿಮಾಡಿ' ಅಂತ ಬರೆದರೆ ಓದುವವರು ಯಾವ ಫೋಕಸ್ ತಿರುಗಿಸಬೇಕು? ಪ್ರೊಜೆಕ್ಟರಿನದೋ, ಕ್ಯಾಮೆರಾದ್ದೋ? ಪಿಕ್ಚರ್ ಅಂದರೂ ಇದೇ ಪಾಡು. 'ಪಿಕ್ಚರ್ ಚೆನ್ನಾಗಿದೆ' ಅಂದರೆ ಕಥೆ ಚೆನ್ನಾಗಿದೆ ಅಂತಲೂ ಆಗುತ್ತದೆ.

ಮೊದಲು ಹಿಂದಿರುವ ಬಟ್ಟೆಯಿಂದ ಶುರುಮಾಡುತ್ತೇನೆ. ನನಗೆ 'ತೆರೆ' ಇಷ್ಟ. ಬೆಳ್ಳಿತೆರೆ, ಕಿರುತೆರೆ, ತೆರೆಗೆ ಬಂತು, ತೆರೆ ಕಂಡಿತು, ತೆರೆಮರೆ, ಎಲ್ಲ ಬಳಕೆಯಲ್ಲಿವೆ. ನೂರು ಇಂಚಿನ ಮನೆಯ ಸ್ಕ್ರೀನು ಕಿರುತೆರೆಯೂ ಅಲ್ಲ, ಥಿಯೇಟರಿನ ಹಿರಿತೆರೆಯೂ ಅಲ್ಲ. ಅದಕ್ಕೆ 'ಮನೆತೆರೆ' ಅನ್ನಬಹುದು ಅನಿಸುತ್ತದೆ. ಆದರೆ ತೆರೆಗೆ ಅಲೆ ಅಂತಲೂ ಅರ್ಥ ಇದೆ, ಬಿಚ್ಚು ಅಂತಲೂ ಇದೆ. ಹಳಗನ್ನಡದಲ್ಲಿ ಬಾಗಿಲು ತೆರೆಯುವುದಕ್ಕೆ ಶಕಟರೇಫ ಇತ್ತು, ತೆಱೆ ಅಂತ ಬರೆಯುತ್ತಿದ್ದರು. ಅಲೆ ಮತ್ತು ಪರದೆಯ ತೆರೆಗೆ ಸಾದಾ ರಕಾರ. ಱ ಬಿಟ್ಟುಹೋದ ಮೇಲೆ ಎಲ್ಲವೂ ಒಂದೇ ಕಾಗುಣಿತಕ್ಕೆ ಬಂದವು. ತಮಿಳಿನಲ್ಲಿ ಈಗಲೂ ತಿಱ ಬೇರೆ, ತಿರೈ ಬೇರೆ. ನನ್ನ ಕೈಪಿಡಿಯಲ್ಲಿ 'ಲೆನ್ಸಿನ ಮುಚ್ಚಳ ತೆರೆಯಿರಿ', 'ತೆರೆಯ ಮಧ್ಯಕ್ಕೆ ಫೋಕಸ್ ಮಾಡಿ' ಅಂತ ಅಕ್ಕಪಕ್ಕ ಬರುತ್ತವೆ. ಹಾಗಾಗಿ ಮುಚ್ಚಳಕ್ಕೆ 'ತೆಗೆಯಿರಿ' ಅಂತ ಹಾಕಿ, ತೆರೆಯನ್ನು ಸ್ಕ್ರೀನಿಗೇ ಮೀಸಲಿಟ್ಟಿದ್ದೇನೆ. ಪರದೆ ಪಾರ್ಸಿಯಿಂದ ಬಂದದ್ದು ಅನ್ನುವುದು ನನಗೆ ತಕರಾರೇ ಅಲ್ಲ. ಕಿಟಕಿಯ ಪರದೆ ಎಳೆದು ಕೋಣೆ ಕತ್ತಲು ಮಾಡಿ ಅಂತಲೂ ಬರೆಯಬೇಕಲ್ವಾ? ಅದಕ್ಕೆ ಪರದೆ ಬೇಕು.

ತೆರೆಯ ಮೇಲೆ ಕಾಣುವುದಕ್ಕೆ 'ಬಿಂಬ' ಅಂತ ಬಳಸುತ್ತಿದ್ದೇನೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಸತ್ಯ ಪ್ರತಿಬಿಂಬ, ಮಿಥ್ಯ ಪ್ರತಿಬಿಂಬ ಅಂತ ಓದಿದ್ದೇವೆ. ಪರದೆಯ ಮೇಲೆ ಹಿಡಿಯಬಹುದಾದದ್ದು ಸತ್ಯ. ಪ್ರೊಜೆಕ್ಟರ್ ಮಾಡುವುದು ಅದನ್ನೇ. ಆದರೆ ಪ್ರತಿಬಿಂಬ ಅಂದ ಕೂಡಲೇ ಜನಕ್ಕೆ ಕನ್ನಡಿ ನೆನಪಾಗುತ್ತದೆ, ಅದಕ್ಕೇ 'ಪ್ರತಿ' ಬಿಟ್ಟೆ. ಬಿಂಬ ತೆರೆಯದು, ಫೋಟೋ ಕ್ಯಾಮೆರಾದ್ದು. ಈ ಎರಡನ್ನು ಬೇರೆ ಮಾಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ಇನ್ನು ಹೀಗೆ ತೆಗೆದ ಫೋಟೋಗೆ ಏನೆನ್ನುವುದು? ಹಲವರು ಸ್ಕ್ರೀನ್‌ಶಾಟ್ ಅನ್ನುತ್ತಾರೆ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸ್ಕ್ರೀನ್‌ಶಾಟ್ ಅಂದರೆ ಯಂತ್ರ ತನ್ನೊಳಗಿನ ಮಾಹಿತಿಯನ್ನೇ ನಕಲು ಮಾಡಿಕೊಡುವುದು. ಅದರಲ್ಲಿ ಪ್ರೊಜೆಕ್ಟರಿನ ಬಣ್ಣ ಇರುವುದಿಲ್ಲ, ಬಟ್ಟೆಯ ಸುಕ್ಕು ಇರುವುದಿಲ್ಲ. ಪ್ರೊಜೆಕ್ಟರ್ ಹೇಗೆ ತೋರಿಸುತ್ತಿದೆ ಅಂತ ಬೇರೆಯವರಿಗೆ ತಿಳಿಸಬೇಕಾದರೆ ಅವೇ ಮುಖ್ಯ. 'ತೆರೆಪಟ' ಅನ್ನೋಣವೆಂದರೆ ಪಕ್ಕದ ತಮಿಳಿನಲ್ಲಿ ತಿರೈಪ್ಪಡಂ ಅಂದರೆ ಸಿನಿಮಾ. ಕನ್ನಡದಲ್ಲೂ 'ತೆರೆಚಿತ್ರ' ಅಂದರೆ ಸಿನಿಮಾ ಅಂತಲೇ ತಿಳಿಯುವ ಸಂಭವ ಜಾಸ್ತಿ. ಸದ್ಯಕ್ಕೆ 'ತೆರೆಯ ಫೋಟೋ' ಅಂತ ಬಿಡಿಯಾಗಿಯೇ ಬರೆದಿದ್ದೇನೆ. ಅದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಈಗ ನಿಜವಾಗಿ ಸಹಾಯ ಬೇಕಾಗಿರುವ ಜಾಗ: ಇಂಥ ಫೋಟೋದಲ್ಲಿ ಮೂಡುವ ತೊಂದರೆಗಳಿಗೆ ಹೆಸರು. ಡಿಎಲ್‌ಪಿ ಅನ್ನುವ ಬಗೆಯ ಪ್ರೊಜೆಕ್ಟರ್‌ಗಳಿವೆ. ಒಳಗೆ ಅಂಗುಲಕ್ಕಿಂತ ಚಿಕ್ಕ ಎಲೆಕ್ಟ್ರಾನಿಕ್ ಚಿಪ್, ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕನ್ನಡಿಗಳು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಲ್ಯಾರಿ ಹಾರ್ನ್‌ಬೆಕ್ ಅವರು 1987ರಲ್ಲಿ ಮಾಡಿದ್ದು. ಮನೆಗೆ ಬರುವ ಇಂಥವುಗಳಲ್ಲಿ ಸಾಮಾನ್ಯವಾಗಿ ಒಂದೇ ಚಿಪ್ ಇರುತ್ತದೆ. ಅದು ಕೆಂಪು, ಹಸಿರು, ನೀಲಿಯನ್ನು ಒಟ್ಟಿಗೆ ತೋರಿಸುವುದಿಲ್ಲ, ಒಂದಾದ ಮೇಲೊಂದು ತೋರಿಸುತ್ತದೆ. ಹಲವುದರಲ್ಲಿ ಬಣ್ಣದ ಗಾಜಿನ ಚಕ್ರವೊಂದು ಬೆಳಕಿನ ಮುಂದೆ ಗಿರ್ರನೆ ಸುತ್ತುತ್ತಿರುತ್ತದೆ. ನಮ್ಮ ಕಣ್ಣು ಮೂರನ್ನೂ ಕಲಸಿ ಒಂದು ಮಾಡಿಕೊಳ್ಳುತ್ತದೆ. ಕ್ಯಾಮೆರಾ ಹಾಗಲ್ಲ. ಶಟರ್ 1/1000 ಸೆಕೆಂಡಿಗೆ ಇಟ್ಟರೆ ಆ ಕ್ಷಣಕ್ಕೆ ಇದ್ದ ಬಣ್ಣ ಮಾತ್ರ ಸಿಗುತ್ತದೆ. ಮೊಬೈಲಿನಲ್ಲಿ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಭಾಗ, ಸಾಲುಸಾಲಾಗಿ ಓದುವುದರಿಂದ ಒಂದು ಕಡೆ ಕೆಂಪು, ಕೆಳಗೆ ಹಸಿರು, ಅದರ ಕೆಳಗೆ ನೀಲಿ, ಹೀಗೆ ಅಡ್ಡಡ್ಡ ಬರುತ್ತದೆ. ಪರಿಹಾರ ಸುಲಭ. ಸಿನಿಮಾ ನಿಲ್ಲಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಫ್ಲ್ಯಾಶ್ ಆರಿಸಿ, ಶಟರನ್ನು 1/60, 1/30, 1/15 ಸೆಕೆಂಡಿಗೆ ಇಡಬೇಕು. ಪ್ರೊಜೆಕ್ಟರ್ ಸೆಕೆಂಡಿಗೆ 60 ಬಾರಿ ಬಿಂಬ ಹೊಸದು ಮಾಡುತ್ತಿದ್ದರೆ ಈ ಲೆಕ್ಕ, 50 ಬಾರಿ ಇದ್ದರೆ 1/50, 1/25. ಬಿಂಬ ನಿಂತೇ ಇದೆಯಲ್ಲ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್) ಇಳಿಸಿ ಅರ್ಧ ಸೆಕೆಂಡು ಬೇಕಾದರೂ ಇಡಬಹುದು. ಆಗ ಬಣ್ಣಗಳ ಸುತ್ತು ಎಷ್ಟೋ ಸಲ ಮುಗಿದಿರುತ್ತದೆ, ಚೂರುಪಾರು ಉಳಿದದ್ದು ಕಾಣುವುದಿಲ್ಲ. ಮೂರು ಎಲ್‌ಸಿಡಿ ಇರುವ ಪ್ರೊಜೆಕ್ಟರ್‌ಗಳಲ್ಲಿ ಮೂರು ಬಣ್ಣವೂ ಒಟ್ಟಿಗೇ ಬರುವುದರಿಂದ ಈ ತೊಂದರೆ ಇಲ್ಲ.

ಈ ಅಡ್ಡ ಬಣ್ಣಗಳಿಗೆ 'ಪಟ್ಟೆ' ಅನ್ನಲೋ, 'ಪಟ್ಟಿ' ಅನ್ನಲೋ? ಪಟ್ಟಿ ಅಂದರೆ ದಿನಸಿ ಪಟ್ಟಿಯೂ ಹೌದು. ಪಟ್ಟೆ ಸೀರೆ ಅಂದರೆ ಎಷ್ಟೋ ಊರುಗಳಲ್ಲಿ ರೇಷ್ಮೆ ಸೀರೆ. ಆದರೂ 'ಬಣ್ಣದ ಪಟ್ಟೆ' ಅಂದರೆ ತಪ್ಪು ತಿಳಿಯಲಾರರು ಅಂತ ನನ್ನ ನಂಬಿಕೆ. ಕಾಮನಬಿಲ್ಲು ಅನ್ನುವುದು ಬೇಡ. ಇದೇ ಪ್ರೊಜೆಕ್ಟರ್ ಮುಂದೆ ಕೂತು ಥಟ್ಟನೆ ತಲೆ ತಿರುಗಿಸಿದರೆ ಬಿಳಿ ಅಕ್ಷರಗಳ ಅಂಚಿನಲ್ಲಿ ಕೆಲವರಿಗೆ ಬಣ್ಣ ಮಿಂಚಿ ಮಾಯವಾಗುತ್ತದೆ. ಕಾಮನಬಿಲ್ಲು ಅಂತ ಕರೆಯಬೇಕಾದ್ದು ಅದನ್ನು. ಒಂದು ಕಣ್ಣಿಗೆ ಕಾಣುವುದು, ಇನ್ನೊಂದು ಕ್ಯಾಮೆರಾಗೆ ಮಾತ್ರ ಕಾಣುವುದು. ಹೆಸರು ಬೇರೆ ಬೇರೆ ಇರಲೇಬೇಕು.

ಎರಡನೆಯದು ಮುವಾರೆ. ತೆರೆಯ ಮೇಲೆ ಪ್ರೊಜೆಕ್ಟರಿನ ಚುಕ್ಕಿಗಳ ಸಾಲು, ಸೆನ್ಸರಿನಲ್ಲಿ ಇನ್ನೊಂದು ಚುಕ್ಕಿಗಳ ಸಾಲು. ಎರಡೂ ಚೂರು ಹೆಚ್ಚುಕಡಿಮೆ ಆದಾಗ ಎರಡರಲ್ಲೂ ಇಲ್ಲದ ದೊಡ್ಡ ದೊಡ್ಡ ಅಲೆಗಳು ಫೋಟೋದಲ್ಲಿ ಏಳುತ್ತವೆ. ಸೊಳ್ಳೆಪರದೆಯ ಎರಡು ಮಡಿಕೆ ಒಂದರ ಮೇಲೊಂದು ಬಿದ್ದಾಗ ಕಾಣುವ ಸುರುಳಿ ಗೆರೆಗಳಿಲ್ವಾ, ಅದೇ. ಕ್ಯಾಮೆರಾವನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿದರೆ ಅಥವಾ ಫೋಕಸ್ ಕೂದಲೆಳೆಯಷ್ಟು ತಪ್ಪಿಸಿದರೆ ಹೋಗುತ್ತದೆ. ಫ್ರೆಂಚಿನಲ್ಲಿ ಆ ಪದ ನೀರಲೆಯಂತೆ ಹೊಳೆಯುವ ರೇಷ್ಮೆ ಬಟ್ಟೆಯದು. ಕನ್ನಡದಲ್ಲಿ 'ಅಲೆಗೆರೆ' ಆಗಬಹುದೇ? 'ತೆರೆಗೆರೆ' ಕಿವಿಗೆ ಇನ್ನೂ ಇಂಪು, ಆದರೆ ಸ್ಕ್ರೀನಿನ ಮೇಲೆ ಎಳೆದ ಗೆರೆ ಅಂತ ಅರ್ಥ ಆಗಿಬಿಡುತ್ತದೆ. ನಮ್ಮ ನೇಕಾರರ ಬಾಯಲ್ಲಿ ಇಂಥ ಹೊಳಪಿಗೆ ಪದ ಇದ್ದೇ ಇರಬೇಕು. ಮೊಳಕಾಲ್ಮುರು, ಇಳಕಲ್, ದೊಡ್ಡಬಳ್ಳಾಪುರದ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಕೇಳಿ ತಿಳಿಸಿ. ನಾವು ಸುಮ್ನೆ ಕಟ್ಟುವ ಪದಕ್ಕಿಂತ ಅದು ಎಷ್ಟೋ ಮೇಲು.

ಓರೆಯಾಗಿ ಬಿಟ್ಟ ಬಿಂಬ ಒಂದು ಕಡೆ ಅಗಲ, ಎದುರು ಕಡೆ ಕಿರಿದು ಆಗುವುದಕ್ಕೆ ಕೀಸ್ಟೋನ್ ಅನ್ನುತ್ತಾರೆ. ಅದಕ್ಕೆ 'ಸೊಟ್ಟ' ಸಾಕು. ಆಕಾರ ತ್ರಾಪಿಜ್ಯದ್ದೇ, ಆದರೆ 'ಬಿಂಬ ತ್ರಾಪಿಜ್ಯವಾಗಿದೆ' ಅಂತ ಮನೆಯಲ್ಲಿ ಯಾರೂ ಅನ್ನುವುದಿಲ್ಲ. ಕ್ಯಾಮೆರಾವನ್ನು ಪ್ರೊಜೆಕ್ಟರಿನ ಲೆನ್ಸಿನ ಹತ್ತಿರವೇ, ತೆರೆಗೆ ನೇರವಾಗಿ ಇಟ್ಟರೆ ಸೊಟ್ಟ ತಪ್ಪುತ್ತದೆ.

ಕಪ್ಪಿನದು ಮಾತ್ರ ಹಾಗೆ ಮುಗಿಯುವುದಿಲ್ಲ. ಪ್ರೊಜೆಕ್ಟರ್ ಕಪ್ಪನ್ನು ಬಿಡಲಾರದು, ಬೆಳಕನ್ನಷ್ಟೇ ಬಿಡುತ್ತದೆ. ಬೆಳಕು ಕಡಿಮೆ ಬಿದ್ದಲ್ಲಿ ನಮಗೆ ಕಪ್ಪು ಕಾಣುತ್ತದೆ. ರಾತ್ರಿಯ ದೃಶ್ಯವನ್ನು ಕ್ಯಾಮೆರಾದ ಆಟೋಗೆ ಬಿಟ್ಟರೆ ಅದು ಎಲ್ಲವನ್ನೂ ನಡುಮಟ್ಟದ ಬೆಳಕಿಗೆ ಎತ್ತುತ್ತದೆ. ಕಾರ್ಗತ್ತಲು ಹೋಗಿ ಬೂದಿ ಬಳಿದಂತೆ ಆಗುತ್ತದೆ. ನೋಡಿದವರು ಪ್ರೊಜೆಕ್ಟರ್ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಎಕ್ಸ್‌ಪೋಷರನ್ನು, ಅಂದರೆ ಫೋಟೋಗೆ ಸಿಗುವ ಬೆಳಕಿನ ಪ್ರಮಾಣವನ್ನು, ಕೈಯಿಂದಲೇ ಇಳಿಸಬೇಕು. ಒಳ್ಳೆಯ ಕಪ್ಪಿಗೆ ನಮ್ಮಲ್ಲಿ ಕಡುಗಪ್ಪು ಇದೆ. ಹೀಗೆ ಕೆಟ್ಟ ಕಪ್ಪಿಗೆ? ಮಾಸಿದ ಕಪ್ಪು, ಬಿಳಿಚಿದ ಕಪ್ಪು, ಬೂದುಗಪ್ಪು, ಮೂರನ್ನೂ ಬರೆದಿಟ್ಟಿದ್ದೇನೆ. ಮಾಸುವುದು ಹಳತಾಗಿ ಆಗುವಂಥದ್ದು, ಇಲ್ಲಿ ಹಾಗಲ್ಲ. ನನ್ನ ಒಲವು ಬಿಳಿಚಿದ ಕಪ್ಪಿನ ಕಡೆಗೆ.

ಕೊನೆಯದಾಗಿ, ರೀಲಿನ ಕಾಲದ ಟಾಕೀಸುಗಳಲ್ಲಿ ಆಪರೇಟರ್ ಆಗಿದ್ದವರು ಯಾರಾದರೂ ನಿಮಗೆ ಗೊತ್ತಿದ್ದರೆ ಅವರನ್ನು ಕೇಳಬಹುದೇ? ಬಿಂಬ ಮಸುಕಾದಾಗ, ಸೊಟ್ಟ ಬಿದ್ದಾಗ, ಬೆಳಕು ಒಂದು ಪಕ್ಕಕ್ಕೆ ಜಾಸ್ತಿಯಾದಾಗ ಕ್ಯಾಬಿನ್‌ನಲ್ಲಿ ಒಬ್ಬರಿಗೊಬ್ಬರು ಏನಂತ ಹೇಳುತ್ತಿದ್ದರು? ಯಾವ ಊರಿನ ಮಾತು ಅನ್ನುವುದನ್ನೂ ಜೊತೆಗೆ ಬರೆದರೆ ಕೈಪಿಡಿಯಲ್ಲಿ ಹಾಗೆಯೇ ಸೇರಿಸುತ್ತೇನೆ.