ಕರ್ನಲ್ 5.4 ರಿಂದ 5.15ಕ್ಕೆ ಏರಿಸಿದ ಮೇಲೆ ಸಾಟಾ ಕಾರ್ಡಿನ ಡಿಸ್ಕ್‌ಗಳು ಕಾಣುತ್ತಿಲ್ಲ, ಲಾಗ್ ತುಂಬ ಡಿಎಂಎ ಫಾಲ್ಟ್

ಪ್ರಶ್ನೆ:
ಇಂಟೆಲ್ ಬೋರ್ಡ್, ಪಿಸಿಐಇ ಸ್ಲಾಟಿನಲ್ಲಿ ನಾಲ್ಕು ಪೋರ್ಟಿನ ಸಾಟಾ ಕಾರ್ಡ್, ಲಿನಕ್ಸ್. 5.15 ಕರ್ನಲ್ ಹಾಕಿದ ಮೇಲೆ ಆ ಕಾರ್ಡಿನ ಡಿಸ್ಕ್‌ಗಳು ಬೂಟ್ ಆಗುವಾಗಲೇ ಕೈಕೊಡುತ್ತಿವೆ. ಬೋರ್ಡಿನ ಸ್ವಂತ ಪೋರ್ಟಿಗೆ ಹಾಕಿದ ಡಿಸ್ಕ್ ಸರಿಯಾಗಿದೆ. ಲಾಗ್:

ಡಿಎಂಎಆರ್: [ಡಿಎಂಎ ರೈಟ್] ರಿಕ್ವೆಸ್ಟ್ ಡಿವೈಸ್ [03:00.1] ಫಾಲ್ಟ್ ರೀಸನ್ 02, ಪ್ರೆಸೆಂಟ್ ಬಿಟ್ ಇನ್ ಕಾಂಟೆಕ್ಸ್ಟ್ ಎಂಟ್ರಿ ಈಸ್ ಕ್ಲಿಯರ್
ಎಟಿಎ7.00: ಫೇಲ್ಡ್ ಟು ಐಡೆಂಟಿಫೈ

ಕೇಬಲ್ ಬದಲಿಸಿದರೂ ಅದೇ ಕಥೆ. ‘ರೈಟ್’ ಅಂತ ಇರುವುದರಿಂದ ಡಿಸ್ಕಿಗೆ ಬರೆಯುವಾಗ ತಪ್ಪಾಗುತ್ತಿದೆಯೇ? ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಮ್ ಪರೀಕ್ಷಿಸಿ ಸರಿಪಡಿಸುವ ಕಮಾಂಡ್) ಓಡಿಸಲೇ?

ಉತ್ತರ 1:
ಈಗ ಎಫ್‌ಎಸ್‌ಸಿಕೆ ಖಂಡಿತ ಬೇಡ. ಕಂಟ್ರೋಲರ್‌ನ ದಾರಿಯೇ ಕಟ್ಟಿರುವಾಗ ಅದು ಅರ್ಧಂಬರ್ಧ ಓದಿ, ಸರಿಯಿದ್ದ ಫೈಲ್ ಸಿಸ್ಟಮ್ಮನ್ನು ‘ರಿಪೇರಿ’ ಮಾಡಿ ಕೆಡಿಸಬಹುದು. ಗ್ರಬ್ (ಬೂಟ್ ಲೋಡರ್) ಮೆನುವಿನಿಂದ ಹಳೆಯ 5.4ರಲ್ಲಿ ಬೂಟ್ ಮಾಡಿ, ಮೊದಲು ಬ್ಯಾಕಪ್ ತೆಗೆದುಕೊಳ್ಳಿ.

ಡಿಎಂಎ ಎಂದರೆ ಸಾಧನವು ಸಿಪಿಯು ನೆರವಿಲ್ಲದೆ ನೇರವಾಗಿ ಮೆಮೊರಿ ಮುಟ್ಟುವುದು. ಡಿಎಂಎ ರೈಟ್ ಎಂದರೆ ಸಾಧನವು ಮೆಮೊರಿಗೆ ಬರೆಯುವುದು. ಡಿಸ್ಕಿನ ಕಡೆಯಿಂದ ನೋಡಿದರೆ ಅದು ಓದು. ಡಿಸ್ಕ್ ಕೊಟ್ಟ ಉತ್ತರ ಮೆಮೊರಿ ತಲುಪುವ ಮೊದಲೇ ಐಓಎಂಎಂಯು (ಸಾಧನಗಳ ಡಿಎಂಎಗೆ ಕಾವಲಿರುವ ಹಾರ್ಡ್‌ವೇರ್ ಘಟಕ) ಅದನ್ನು ತಡೆದಿದೆ, ಅದಕ್ಕೇ ಐಡೆಂಟಿಫೈ (ಡಿಸ್ಕಿನ ಗುರುತು ಕೇಳುವ ಕಮಾಂಡ್) ವಿಫಲ. ಇದರಲ್ಲಿ ಡಿಸ್ಕಿನ ತಪ್ಪಿಲ್ಲ.

5.4ರಲ್ಲಿ ಬರದೆ ಈಗ ಬಂದದ್ದೇಕೆ? ಬೂಟ್ ಫೋಲ್ಡರಿನಲ್ಲಿರುವ ಎರಡೂ ಕರ್ನಲ್‌ಗಳ ಕಾನ್ಫಿಗ್ ಫೈಲ್ ತೆರೆದು ‘ಇಂಟೆಲ್_ಐಓಎಂಎಂಯು_ಡೀಫಾಲ್ಟ್_ಆನ್’ ಸಾಲನ್ನು ಹೋಲಿಸಿ. ಪ್ರಾಕ್ಸ್‌ಮಾಕ್ಸ್‌ನಂಥ (ವರ್ಚುವಲ್ ಮಷಿನ್ ನಡೆಸುವ ಲಿನಕ್ಸ್ ವ್ಯವಸ್ಥೆ) ಕಡೆ 5.15 ಕರ್ನಲ್‌ನಲ್ಲಿ ಇದು ತಾನಾಗಿಯೇ ಆನ್ ಇರುತ್ತದೆ. ಮೊದಲು ಕಾವಲೇ ಇರಲಿಲ್ಲ, ಹಾಗಾಗಿ ಕಾರ್ಡಿನ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಖಚಿತಪಡಿಸಿಕೊಳ್ಳಲು ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಇಂಟೆಲ್_ಐಓಎಂಎಂಯು=ಆಫ್ ಸೇರಿಸಿ, ಕಂಟ್ರೋಲ್-ಎಕ್ಸ್ ಒತ್ತಿ. ಇದು ಆ ಒಂದು ಬೂಟಿಗೆ ಮಾತ್ರ. ಜೊತೆಗೆ ಎಲ್‌ಎಸ್‌ಪಿಸಿಐ (ಪಿಸಿಐ ಸಾಧನಗಳನ್ನು ತೋರಿಸುವ ಕಮಾಂಡ್) ಪಟ್ಟಿಯಲ್ಲಿ 03:00.1 ಇದೆಯೇ ನೋಡಿ.

ಪ್ರಶ್ನೆ ಕೇಳಿದವರು:
ಆಫ್ ಮಾಡಿದರೆ ಎಲ್ಲ ಡಿಸ್ಕ್‌ಗಳೂ ಬಂದವು. ಪಟ್ಟಿಯಲ್ಲಿ 03:00.0 ಮಾತ್ರ ಇದೆ, 00.1 ಇಲ್ಲವೇ ಇಲ್ಲ. ಆಫ್ ಆಗಿಯೇ ಬಿಡಬಹುದೇ?

ಉತ್ತರ 1:
ಹಾಗಾದರೆ ಮೂಲ ಸಿಕ್ಕಿತು. ಕಾರ್ಡ್ ನೋಂದಾಯಿಸಿಕೊಂಡಿರುವುದು ಫಂಕ್ಷನ್ 0 (03:00.0ರ ಕೊನೆಯ ಅಂಕಿ) ಎಂದು, ಡಿಎಂಎ ಕೋರಿಕೆ ಕಳಿಸುತ್ತಿರುವುದು ಫಂಕ್ಷನ್ 1ರ ಗುರುತಿನಲ್ಲಿ. ಇಲ್ಲದ ಫಂಕ್ಷನ್‌ಗೆ ಐಓಎಂಎಂಯು ಕೋಷ್ಟಕದಲ್ಲಿ ನಮೂದು ಇರುವುದಿಲ್ಲ, ರೀಸನ್ 02 ಹೇಳುತ್ತಿರುವುದು ಅದನ್ನೇ. ಮಾರ್ವೆಲ್ 88ಎಸ್‌ಇ91 ಸರಣಿಯ ಹಲವು ಚಿಪ್‌ಗಳಿಗೆ ಈ ಗುಣವಿರುವುದು ಕರ್ನಲ್ ಮೂಲದ ಪಿಸಿಐ ಕ್ವಿರ್ಕ್ಸ್ (ಹಾರ್ಡ್‌ವೇರ್ ದೋಷಗಳಿಗೆ ಪರಿಹಾರಗಳ) ಫೈಲಿನಲ್ಲೇ ದಾಖಲಾಗಿದೆ. ಆ ಫೈಲಿನ ಪಟ್ಟಿಯಲ್ಲಿರುವ ಐಡಿಗಳಿಗೆ ಕರ್ನಲ್ ಫಂಕ್ಷನ್ 1ನ್ನೂ ಅಲಿಯಾಸ್ (ಅದೇ ಸಾಧನದ ಇನ್ನೊಂದು ಗುರುತು) ಆಗಿ ಸೇರಿಸಿಕೊಳ್ಳುತ್ತದೆ. ಎಲ್‌ಎಸ್‌ಪಿಸಿಐಗೆ -ಎನ್‌ಎನ್ ಕೊಟ್ಟು ನಿಮ್ಮ ಕಾರ್ಡಿನ ವೆಂಡರ್ ಮತ್ತು ಡಿವೈಸ್ ಐಡಿ ತೆಗೆದು ಅಲ್ಲಿ ಹುಡುಕಿ. ಹೊಸ ಕರ್ನಲ್‌ನ ಪಟ್ಟಿಯಲ್ಲಿದ್ದರೆ ಅದನ್ನೇ ಹಾಕಿ. ಎಲ್ಲೂ ಇಲ್ಲದಿದ್ದರೆ ಲಾಗ್ ಸಮೇತ ಕರ್ನಲ್‌ನ ಪಿಸಿಐ ವಿಭಾಗಕ್ಕೆ ವರದಿ ಮಾಡಿ. ಸೇರಿಸಬೇಕಾದದ್ದು ಒಂದೆರಡು ಸಾಲು.

ಅಲ್ಲಿಯವರೆಗೆ ಆಫ್ ಇರಲಿ, ಆದರೆ ಶಾಶ್ವತವಾಗಿ ಬೇಡ. ದಾರಿ ತಪ್ಪಿದ ಡಿಎಂಎ ಬೇರೆಯವರ ಮೆಮೊರಿ ಕೆಡಿಸದಂತೆ ತಡೆಯುವುದು ಐಓಎಂಎಂಯು. ವರ್ಚುವಲ್ ಮಷಿನ್‌ಗೆ ಪಿಸಿಐ ಸಾಧನ ಒಪ್ಪಿಸುವುದೂ ಅದಿಲ್ಲದೆ ಆಗದು.

ಉತ್ತರ 2:
ಎಲ್ಲರೂ ಮೊದಲು ಐಓಎಂಎಂಯು=ಪಿಟಿ (ಪಾಸ್‌ಥ್ರೂ: ಡಿಎಂಎ ವಿಳಾಸ ಬದಲಿಸದೆ ಹಾಗೇ ಬಿಡುವ ಕ್ರಮ) ಹಾಕಿ ಅಂತಾರೆ. ಇಂಟೆಲ್‌ನಲ್ಲಿ ಈ ಪ್ರಕರಣಕ್ಕೆ ಅದು ತಕ್ಕ ಮದ್ದಲ್ಲ, ಇಲ್ಲದ 00.1ಕ್ಕೆ ಪಿಟಿಯಿಂದಲೂ ನಮೂದು ಹುಟ್ಟುವುದಿಲ್ಲ. ರೀಸನ್ 05 ಅಥವಾ 06 ಬಂದರೆ ವಿಷಯ ಬೇರೆ: ಸಾಧನ ಗೊತ್ತಿದೆ, ಆದರೆ ಆ ವಿಳಾಸಕ್ಕೆ ಬರೆಯುವ (05) ಅಥವಾ ಓದುವ (06) ಅನುಮತಿ ಇಲ್ಲ. ಡ್ರೈವರ್ ಮ್ಯಾಪಿಂಗನ್ನು ಬೇಗ ಬಿಡಿಸಿದ್ದರೆ ಹೀಗಾಗುತ್ತದೆ. ರೇಡ್ ಕಾರ್ಡಿನ ಫರ್ಮ್‌ವೇರ್ ಬಯೋಸ್ ಘೋಷಿಸದ ಜಾಗ ಮುಟ್ಟಿದರೂ ಅಷ್ಟೇ. ಅಲ್ಲಿ ಪಿಟಿ ಕೆಲಸ ಮಾಡುತ್ತದೆ, ಬಯೋಸ್ ಮತ್ತು ಕಾರ್ಡ್ ಫರ್ಮ್‌ವೇರ್ ಅಪ್‌ಡೇಟ್ ಕೂಡ ನೋಡಬೇಕು.

‘ಎಸ್‌ಡಬ್ಲ್ಯುಐಓಟಿಎಲ್‌ಬಿ ಬಫರ್ ಈಸ್ ಫುಲ್’ ಎಂದು ಬಂದರೆ ಅದು ಈ ಗುಂಪಿಗೇ ಸೇರಿದ್ದಲ್ಲ, ಡಿಎಂಎಗೆ ನಡುವೆ ಬಳಸುವ ಮೆಮೊರಿ ಬಫರ್ ತುಂಬಿದೆ ಎಂದರ್ಥ. ಡೀಫಾಲ್ಟ್ 32768 ಸ್ಲಾಟ್, ತಲಾ 2 ಕೆಬಿ, ಒಟ್ಟು 64 ಎಂಬಿ. 65536ಕ್ಕೆ ಏರಿಸಿ ನೋಡಬಹುದು.

ಉತ್ತರ 3:
ತಯಾರಕರು ಕೊಟ್ಟ ಹೊರಗಿನ ಡ್ರೈವರ್ ಬಳಸುವವರು 5.18ಕ್ಕೆ ಹೋಗುವ ಮೊದಲು ಒಂದು ಗಮನಿಸಿ: ಪಿಸಿಐ_ಮ್ಯಾಪ್_ಸಿಂಗಲ್ ಮಾದರಿಯ ಹಳೆಯ ಡಿಎಂಎ ಕೋಡ್ ಫಂಕ್ಷನ್‌ಗಳನ್ನು ಅಲ್ಲಿ ತೆಗೆದಿದ್ದಾರೆ. ಡ್ರೈವರ್ ಕಂಪೈಲ್ ಆಗದೆ ನಿಲ್ಲುತ್ತದೆ, ರೂಟ್ ಡಿಸ್ಕ್ ಆ ಕಾರ್ಡಿನಲ್ಲಿದ್ದರೆ ಬೂಟೇ ಆಗುವುದಿಲ್ಲ. ಡಿಕೆಎಂಎಸ್ (ಹೊಸ ಕರ್ನಲ್‌ಗೆ ಹೊರಗಿನ ಡ್ರೈವರನ್ನು ಮತ್ತೆ ಕಂಪೈಲ್ ಮಾಡುವ ವ್ಯವಸ್ಥೆ) ಬಿಲ್ಡ್ ಯಶಸ್ವಿಯಾಯಿತೇ ಎಂದು ನೋಡಿಯೇ ರೀಬೂಟ್ ಮಾಡಿ, ಹಳೆಯ ಕರ್ನಲ್ ಅಳಿಸಬೇಡಿ.