ಡಯಾಲಿಸಿಸ್ ಕಲಿಯಲು ಬಂದವಳಿಗೆ ಮೊದಲ ವರ್ಷ ಈ ಐದು ವಿಷಯಗಳೇಕೆ?

ಪ್ರಶ್ನೆ: ಪ್ರಥಮ ವರ್ಷದ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು, ಪಿಯುಸಿ ವಿಜ್ಞಾನ ಮುಗಿಸಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದರಲ್ಲಿ ಡಯಾಲಿಸಿಸ್ (ಮೂತ್ರಪಿಂಡ ಕೆಟ್ಟವರ ರಕ್ತವನ್ನು ಯಂತ್ರದಿಂದ ಶುದ್ಧಗೊಳಿಸುವುದು) ತಂತ್ರಜ್ಞಾನದ ಬಿ.ಎಸ್ಸಿ. ಓದುತ್ತಿದ್ದೇನೆ. ಅನಾಟಮಿ (ದೇಹರಚನೆ), ಫಿಸಿಯಾಲಜಿ (ದೇಹದ ಕಾರ್ಯ), ಬಯೋಕೆಮಿಸ್ಟ್ರಿ (ಜೀವರಸಾಯನ), ಪೆಥಾಲಜಿ (ರೋಗಲಕ್ಷಣ ಶಾಸ್ತ್ರ), ಮೈಕ್ರೋಬಯಾಲಜಿ (ಸೂಕ್ಷ್ಮಜೀವಿಶಾಸ್ತ್ರ) ಎಂಬ ಐದು ವಿಷಯಗಳನ್ನು ಲ್ಯಾಬ್, ಎಕ್ಸ್‌ರೇ, ಅರಿವಳಿಕೆ ವಿಭಾಗಗಳ ವಿದ್ಯಾರ್ಥಿಗಳೊಂದಿಗೆ ಕುಳಿತು ಓದಬೇಕಾಗಿದೆ. ಯಂತ್ರವನ್ನು ನಾವಿನ್ನೂ ಮುಟ್ಟಿಲ್ಲ. ಐದನ್ನೂ ಕಂಠಪಾಠ ಮಾಡುತ್ತಿದ್ದೇನೆ, ಆದರೆ ಒಂದರೊಳಗೆ ಇನ್ನೊಂದು ಕಲಸಿಹೋಗುತ್ತಿದೆ. ಇವು ಮುಂದೆ ನಿಜವಾಗಿಯೂ ಉಪಯೋಗಕ್ಕೆ ಬರುತ್ತವೆಯೇ? ಇಂಗ್ಲಿಷಿನ ಉದ್ದುದ್ದ ಪದಗಳನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಡಯಾಲಿಸಿಸ್ ತಂತ್ರಜ್ಞ, ಹುಬ್ಬಳ್ಳಿ

ತಂಗಿ, ಯಂತ್ರವನ್ನು ನಡೆಸಲು ಕೆಲವೇ ತಿಂಗಳಲ್ಲಿ ಕಲಿಯಬಹುದು. ಆದರೆ ಯಂತ್ರದ ಪಕ್ಕದ ಹಾಸಿಗೆಯಲ್ಲಿ ಮಲಗಿರುವವರಿಗೆ ಏನಾಗುತ್ತಿದೆ ಎಂಬುದನ್ನು ತಿಳಿಸಿಕೊಡುವುದು ನೀನು ಈಗ ಓದುತ್ತಿರುವ ವಿಷಯಗಳೇ.

ಪ್ರತಿದಿನ ಬೆಳಗ್ಗೆ ನಾನು ಮೊದಲು ಮಾಡುವ ಕೆಲಸವೆಂದರೆ, ರೋಗಿಯ ಮುಂದೋಳಿನ ಫಿಸ್ಟುಲಾದ ಮೇಲೆ ಮೂರು ಬೆರಳಿಟ್ಟು ನೋಡುವುದು. ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿರುವ ಆ ಜಾಗದಲ್ಲಿ ಚರ್ಮದಡಿ ಜುಮುಜುಮು ಎನ್ನುವ ಕಂಪನ ಬೆರಳಿಗೆ ತಾಗಬೇಕು. ತಾಗದಿದ್ದರೆ ಸೂಜಿಯನ್ನು ಕೆಳಗಿಟ್ಟು ವೈದ್ಯರನ್ನು ಕರೆಯಬೇಕು. ಅಲ್ಲಿ ಕೆಲಸಕ್ಕೆ ಬರುವುದು ಅನಾಟಮಿ. ಇನ್ನು ನೀರಿನ ವಿಚಾರ. ಶುದ್ಧೀಕರಿಸಿದ ನೀರಿಗೆ ಲವಣ ಬೆರೆಸಿ ಮಾಡಿದ, ರಕ್ತದ ಕಲ್ಮಶವನ್ನು ಎಳೆದುಕೊಳ್ಳುವ ಡಯಾಲಿಸೇಟ್ ದ್ರವವು ನಿಮಿಷಕ್ಕೆ 500 ಮಿಲಿಲೀಟರ್‌ನಂತೆ ಹರಿದರೆ, ನಾಲ್ಕು ಗಂಟೆಗಳಲ್ಲಿ ಒಬ್ಬರ ರಕ್ತದ ಆಚೆಬದಿಯಲ್ಲಿ, ತೆಳುವಾದ ಪೊರೆಯೊಂದರ ಅಂತರದಲ್ಲಿ, 120 ಲೀಟರ್ ದ್ರವ ಹಾದುಹೋಗುತ್ತದೆ. ನೀರಿನಲ್ಲಿ, ಅದರ ಸೋಂಕು ನಿವಾರಣೆಗೆ ಬಳಸುವ ಕ್ಲೋರಮೈನ್ ಉಳಿದಿದ್ದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಬ್ಯಾಕ್ಟೀರಿಯಾದ ವಿಷಾಂಶವಿದ್ದರೆ ರೋಗಿ ಚಳಿಜ್ವರ ಬಂದವರಂತೆ ನಡುಗತೊಡಗುತ್ತಾರೆ. ಮೈಕ್ರೋಬಯಾಲಜಿಯನ್ನು ಉದಾಸೀನ ಮಾಡಿದವರಿಗೆ ಆ ನಡುಕ ಕಂಡಾಗ ಕಂಬಳಿ ಹೊದಿಸಬೇಕೆಂಬುದು ಮಾತ್ರ ಹೊಳೆಯುತ್ತದೆ, ನೀರಿನ ಕಡೆಗೆ ಗಮನ ಹೋಗುವುದಿಲ್ಲ.

ಉತ್ತರ 2: ಲ್ಯಾಬ್ ಟೆಕ್ನೀಷಿಯನ್, ದಾವಣಗೆರೆ

ಅಣ್ಣನವರ ಮಾತಿಗೆ ನನ್ನದೊಂದು ಅನುಭವವನ್ನು ಸೇರಿಸುತ್ತೇನೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ರಕ್ತಪರೀಕ್ಷೆಯ ವರದಿಯಲ್ಲಿ ಪೊಟ್ಯಾಸಿಯಂ (ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ) 8ನ್ನು ದಾಟಿತ್ತು, ಕ್ಯಾಲ್ಸಿಯಂ ನಂಬಲಾಗದಷ್ಟು ಇಳಿದಿತ್ತು. ಪೊಟ್ಯಾಸಿಯಂ ಸುಮಾರು 3.5ರಿಂದ 5ರೊಳಗೆ ಇರಬೇಕಾದದ್ದು. ಅಷ್ಟು ಏರಿದರೆ ಹೃದಯವೇ ನಿಲ್ಲಬಹುದು. ಆದರೆ ಆ ಅಜ್ಜಿ ಹೊರಗಿನ ಬೆಂಚಿನ ಮೇಲೆ ಕುಳಿತು ಮೊಮ್ಮಗನೊಂದಿಗೆ ಮಾತನಾಡುತ್ತಿದ್ದರು. ವಿಚಾರಿಸಿದಾಗ, ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಸಾಲದೆ, ನೇರಳೆ ಮುಚ್ಚಳದ ಟ್ಯೂಬಿನಿಂದ ಸ್ವಲ್ಪ ಸುರಿದಿದ್ದು ನಾನೇ ಎಂದು ತಿಳಿಯಿತು. ನೇರಳೆ ಟ್ಯೂಬಿನಲ್ಲಿರುವುದು ಇಡಿಟಿಎಯ ಪೊಟ್ಯಾಸಿಯಂ ಲವಣ. ಅದು ಕ್ಯಾಲ್ಸಿಯಮನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ರಕ್ತ ಹೆಪ್ಪುಗಟ್ಟುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳೇ ನಾನು. ಕೈಯಲ್ಲಿ ಟ್ಯೂಬ್ ಹಿಡಿದಾಗ ಅದು ನೆನಪಾಗಲಿಲ್ಲ. ವರದಿ ಹೊರಹೋಗುವ ಮುನ್ನ ಹಿರಿಯರು ತಡೆದು ಹೊಸದಾಗಿ ರಕ್ತ ತೆಗೆಸಿದರು. ಆ ದಿನವನ್ನು ನಾನು ಇಂದಿಗೂ ಮರೆತಿಲ್ಲ.

ಉತ್ತರ 3: ಫಿಸಿಯಾಲಜಿ ಬೋಧಕಿ

ಇಬ್ಬರ ಮಾತೂ ನಿಜ. ಆದರೆ ಓದಿದ್ದೂ ನೆನಪಿಗೆ ಬಾರದೆ ಹೋದದ್ದೇಕೆ ಎಂಬುದನ್ನು ನಾವು, ಬೋಧಕರು ಸಹ, ಯೋಚಿಸಬೇಕು. ಐದು ವಿಷಯಗಳನ್ನು ಐದು ಗೋಡೆಗಳ ನಡುವೆ ಕಲಿಸಿಬಿಡುತ್ತೇವೆ. ಆದ್ದರಿಂದ, ಈ ವಾರ ಪೊಟ್ಯಾಸಿಯಂ ಒಂದನ್ನೇ ಹಿಡಿದುಕೊಂಡು ಐದೂ ಪುಸ್ತಕಗಳಲ್ಲಿ ಅದರ ಬೆನ್ನು ಹತ್ತಿ ನೋಡಿ. ಅದನ್ನು ಹೊರಹಾಕುವ ನೆಫ್ರಾನ್ (ರಕ್ತ ಸೋಸುವ ಸೂಕ್ಷ್ಮ ಘಟಕ) ಮೂತ್ರಪಿಂಡದ ಯಾವ ಭಾಗದಲ್ಲಿದೆ, ಜೀವಕೋಶದ ಒಳಗೆ ಅದು ಹೆಚ್ಚಾಗಿಯೂ ಹೊರಗೆ ಕಡಿಮೆಯಾಗಿಯೂ ಇರುವುದೇಕೆ, ಮೂತ್ರಪಿಂಡ ಕೆಟ್ಟಾಗ ರಕ್ತದಲ್ಲಿ ಏರುವುದು ಹೇಗೆ ಎಂದು ಒಂದೇ ಹಾಳೆಯಲ್ಲಿ, ಮೊದಲು ಕನ್ನಡದಲ್ಲಿ, ಬರೆಯಿರಿ. ಮೈಕ್ರೋಬಯಾಲಜಿಯಲ್ಲಿ ಹೆಚ್ಚೇನೂ ಸಿಗಲಾರದು, ಚಿಂತಿಸಬೇಡಿ.

ಇಂಗ್ಲಿಷ್ ಪದಗಳನ್ನು ಬಿಡಿಸಿ ಓದಿ. ಹೈಪರ್‌ಕಲೇಮಿಯಾ ಎಂಬಲ್ಲಿ ‘ಹೈಪರ್’ ಎಂದರೆ ಹೆಚ್ಚು, ‘ಕಲ್’ ಎಂಬುದು ಪೊಟ್ಯಾಸಿಯಂನ ಹಳೆಯ ಹೆಸರಾದ ಕ್ಯಾಲಿಯಂನಿಂದ ಬಂದದ್ದು, ‘ಏಮಿಯಾ’ ಎಂದರೆ ರಕ್ತದಲ್ಲಿ. ಇಂಥ ಐವತ್ತು ತುಣುಕುಗಳು ತಿಳಿದರೆ ನೂರಾರು ಪದಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಪ್ರಶ್ನೆ ಕೇಳಿದವರಿಂದ

ಮೇಡಂ, ನಿನ್ನೆ ರಾತ್ರಿ ಹಾಳೆ ಬರೆದೆ. ನಮ್ಮ ಮನೆಯ ಪಕ್ಕದ ಕಾಕಾ ಡಯಾಲಿಸಿಸ್‌ಗೆ ಹೋಗುತ್ತಾರೆ. ಅವರಿಗೆ ಎಳನೀರು, ಬಾಳೆಹಣ್ಣು ಬೇಡವೆಂದು ವೈದ್ಯರು ಹೇಳಿದ್ದರ ಕಾರಣ ಅದರಲ್ಲೇ ಸಿಕ್ಕಿತು. ಮುಂದಿನ ವಾರ ಕ್ಯಾಲ್ಸಿಯಂ ಹಿಡಿಯಲೇ, ಯೂರಿಯಾ ಹಿಡಿಯಲೇ?

ಉತ್ತರ 3ರ ಬೋಧಕಿಯಿಂದ

ಯೂರಿಯಾ ಹಿಡಿಯಿರಿ. ಅದು ತಯಾರಾಗುವ ಯಕೃತ್ತಿನಿಂದ ಆರಂಭಿಸಿ.