ಪದಚರ್ಚೆ: ಮ್ಯಾಕ್‌ಬೆತ್‌ನ ‘ಆಂಬಿಷನ್’ಗೆ ಕನ್ನಡದಲ್ಲಿ ಯಾವ ಪದ?

ಪ್ರಶ್ನೆ:

ಗೆಳೆಯರೇ, ನಮಸ್ಕಾರ. ಮ್ಯಾಕ್‌ಬೆತ್ ಬಗ್ಗೆ (ದೊರೆ ಡಂಕನ್‌ನನ್ನು ಕೊಂದು ಸಿಂಹಾಸನವೇರುವ ಸೇನಾಪತಿಯ ಕಥೆ ಹೇಳುವ ಶೇಕ್ಸ್‌ಪಿಯರ್ ನಾಟಕ) ಕನ್ನಡದಲ್ಲಿ ಬರೆಯುವಾಗ ‘ಕಡಿವಾಣವಿಲ್ಲದ ಮಹತ್ವಾಕಾಂಕ್ಷೆಯೇ ಅವನನ್ನು ಹಾಳುಮಾಡಿತು’ ಎಂಬ ಮಾತು ಬಂದೇ ಬರುತ್ತದೆ. ಆದರೆ ಪತ್ರಿಕೆಗಳಲ್ಲಿ ‘ಸರ್ಕಾರದ ಮಹತ್ವಾಕಾಂಕ್ಷೆಯ ಯೋಜನೆ’ ಎಂದರೆ ಈಗ ಹೊಗಳಿಕೆ. ಮಲಗಿದ್ದ ದೊರೆಯನ್ನು ಕೊಲ್ಲಿಸುವ ಆಸೆಗೆ ಈ ಪದ ಒಗ್ಗುತ್ತದೆಯೇ? ದುರಾಸೆ, ಅಧಿಕಾರದಾಹ, ಹೆಬ್ಬಯಕೆ, ಛಲ, ಇವುಗಳಲ್ಲಿ ರಂಗದ ಮೇಲೆ ಯಾವುದು ನಿಲ್ಲುತ್ತದೆ? ಮೂಲದ ಸಾಲುಗಳನ್ನು ಹಿಡಿದು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ:

ಮೂಲದಲ್ಲಿ ಆ ಪದ ಎಲ್ಲೆಲ್ಲಿದೆ ಎಂದು ಮೊದಲು ನೋಡೋಣ. ‘ಮ್ಯಾಕ್‌ಬೆತ್ ಎಂದರೆ ಆಂಬಿಷನ್’ ಎಂದು ಪಾಠ ಹೇಳುತ್ತೇವಲ್ಲ, ಇಡೀ ನಾಟಕದಲ್ಲಿ ಆ ಪದ ಬರುವುದು ಮೂರೇ ಸಲ. 1ನೇ ಅಂಕದ 5ನೇ ದೃಶ್ಯ, 1ನೇ ಅಂಕದ 7ನೇ ದೃಶ್ಯ, 2ನೇ ಅಂಕದ 4ನೇ ದೃಶ್ಯ. ಅಲ್ಲಿಂದ ಮುಂದೆ ಇಲ್ಲವೇ ಇಲ್ಲ. ಮೂರನ್ನೂ ಬೇರೆ ಬೇರೆ ಬಾಯಿ ಆಡುತ್ತದೆ: ಹೆಂಡತಿ, ಅವನೇ, ಆಮೇಲೆ ರಾಸ್ ಎಂಬ ಸರದಾರ. ಮೂರಕ್ಕೂ ಹೊಂದುವ ಒಂದೇ ನಾಮಪದ ಸಿಕ್ಕಿದರೆ ಮಾತ್ರ ಅನುವಾದ ಗೆದ್ದಂತೆ.

‘ದುರಾಸೆ’ ಬಿದ್ದುಹೋಗುವುದು ಮೊದಲನೆಯ ಕಡೆಯಲ್ಲೇ. ಗಂಡನ ಕಾಗದ ಓದಿ ಮುಗಿಸಿದ ಲೇಡಿ ಮ್ಯಾಕ್‌ಬೆತ್ ಹೇಳುವುದರ ಸಾರ ಇಷ್ಟು: ನಿನಗೆ ಅದು ಇಲ್ಲವೆಂದಲ್ಲ, ಅದರ ಬೆನ್ನಿಗಿರಬೇಕಾದ ಕೇಡು ನಿನ್ನಲ್ಲಿಲ್ಲ. ಅಂದರೆ ಆಸೆ ಒಂದು, ಕೇಡು ಇನ್ನೊಂದು. ಎರಡೂ ಕೂಡಲಿಲ್ಲ ಎನ್ನುವುದೇ ಅವಳ ದೂರು. ಇಲ್ಲಿ ‘ದುರಾಸೆ’ ಎಂದಿರೋ, ‘ದುರ್’ ಎಂಬ ಉಪಸರ್ಗವೇ ಕೇಡನ್ನು ಮುಂಚಿತವಾಗಿ ತಂದುಬಿಡುತ್ತದೆ. ಮಾತು ಅಲ್ಲೇ ಮುರಿಯುತ್ತದೆ. (ಈ ಸಾಲಿನಲ್ಲಿರುವ ‘ಇಲ್‌ನೆಸ್’ ಅನ್ನು ಕಾಯಿಲೆ ಎಂದುಕೊಳ್ಳುವ ಅಪಾಯವೂ ಇದೆ. ಆ ಕಾಲದ ಬಳಕೆಯಲ್ಲಿ ಅದಕ್ಕೆ ಕೆಟ್ಟತನ ಎಂಬ ಅರ್ಥವಿತ್ತು.) ‘ದುರಾಸೆ’ಯನ್ನು ಇಲ್ಲಿ ಬಳಸದೆ ಮುಂದಕ್ಕೆ ಉಳಿಸಿಕೊಳ್ಳಲು ಇನ್ನೊಂದು ಕಾರಣವಿದೆ. 4ನೇ ಅಂಕದ 3ನೇ ದೃಶ್ಯದಲ್ಲಿ ಡಂಕನ್‌ನ ಮಗ ಮಾಲ್ಕಂ ತನಗೆ ತಣಿಯದ ಧನದಾಸೆಯಿದೆ ಎಂದು ಸುಳ್ಳು ಹೇಳಿ ಸರದಾರ ಮ್ಯಾಕ್‌ಡಫ್‌ನನ್ನು ಪರೀಕ್ಷಿಸುತ್ತಾನೆ. ಅಲ್ಲಿನ ‘ಅವರೀಸ್’ಗೆ ದುರಾಸೆಯೇ ತಕ್ಕ ಪದ. ಮೊದಲೇ ಖರ್ಚು ಮಾಡಿಬಿಟ್ಟರೆ ಅಲ್ಲಿ ಕೈ ಬರಿದು.

ಎರಡನೆಯದು ಎಲ್ಲರಿಗೂ ಗೊತ್ತಿರುವ ಸಾಲು, ಹೆಚ್ಚು ಕೆಟ್ಟಿರುವುದೂ ಅದೇ. ‘ಎತ್ತರಕ್ಕೆ ಜಿಗಿದ ಮಹತ್ವಾಕಾಂಕ್ಷೆ ನೆಲಕ್ಕೆ ಬೀಳುತ್ತದೆ’ ಎಂಬಂಥ ಅನುವಾದಗಳಲ್ಲಿ ಚಿತ್ರವೇ ಮಾಯ. ಅಲ್ಲಿರುವುದು ಕುದುರೆ. ಅವನ ಉದ್ದೇಶವೇ ಕುದುರೆ, ಅದು ಮಿಸುಕುವುದಿಲ್ಲ. ಅದರ ಪಕ್ಕೆಗೆ ತಿವಿಯಲು ಹಿಮ್ಮಡಿಯ ಮುಳ್ಳಿಲ್ಲ. ಇರುವುದು ಒಂದೇ: ಹಾರಿ ಜೀನಿನ ಮೇಲೆ ಕೂರಲು ಹೋಗಿ, ರಭಸ ಹೆಚ್ಚಾಗಿ, ಜೀನನ್ನೇ ದಾಟಿ ಆಚೆ ಮಗ್ಗುಲಿಗೆ ಬೀಳುವ ಸವಾರ. ಬೀಳುವುದು ಎತ್ತರದಿಂದಲ್ಲ, ಅಳತೆ ತಪ್ಪಿದ್ದರಿಂದ. ಅಷ್ಟರಲ್ಲಿ ಹೆಂಡತಿ ಬರುತ್ತಾಳೆ, ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಅದನ್ನು ಅನುವಾದದಲ್ಲಿ ಪೂರ್ತಿ ಮಾಡುವುದು ದೊಡ್ಡ ತಪ್ಪು.

ಈ ‘ದಾಟಿ ಹಾರುವ’ ಕ್ರಿಯಾಪದ ಆಗಲೇ ಒಮ್ಮೆ ಬಂದಿದೆ ಎಂಬುದನ್ನು ಗಮನಿಸಿ. 1ನೇ ಅಂಕದ 4ನೇ ದೃಶ್ಯದಲ್ಲಿ ಡಂಕನ್ ತನ್ನ ಮಗನನ್ನು ಕಂಬರ್‌ಲೆಂಡಿನ ರಾಜಕುಮಾರನೆಂದು ಸಾರಿದಾಗ, ಇದೊಂದು ಮೆಟ್ಟಿಲು, ಇದರ ಮೇಲೆ ಬೀಳಬೇಕು, ಇಲ್ಲವೇ ದಾಟಿ ಹಾರಬೇಕು ಎಂದು ಮ್ಯಾಕ್‌ಬೆತ್ ಅಂದುಕೊಳ್ಳುತ್ತಾನೆ. ಎರಡೂ ಕಡೆ ಕನ್ನಡದಲ್ಲಿ ಒಂದೇ ಕ್ರಿಯಾಪದ ಇರಲೇಬೇಕು. ಮೊದಲ ಸಲ ಹಾರುವುದು ಉಪಾಯ, ಎರಡನೆಯ ಸಲ ಅದೇ ಹಾರಿಕೆ ಬೀಳಿಸುವುದು. ಪಾತ್ರ ಒಡೆಯುವುದು ಈ ಎರಡು ದೃಶ್ಯಗಳ ನಡುವೆ.

‘ಕಡಿವಾಣವಿಲ್ಲದ’ ಎಂಬ ವಿಶೇಷಣವೂ ಇಲ್ಲಿ ತಿರುಗಿ ಹೊಡೆಯುತ್ತದೆ. ಕಡಿವಾಣ ಬೇಕಾಗುವುದು ಓಡುವ ಕುದುರೆಗೆ. ಈತನದು ಕದಲದ ಕುದುರೆ. ಪ್ರಬಂಧದಲ್ಲಿ ಬರೆದುಕೊಳ್ಳಿ, ಈ ಸಾಲಿಗೆ ತರಬೇಡಿ. ಕಡಿವಾಣ ಹರಿದ ಕುದುರೆಗಳು ಬರುವುದು ಕೊಲೆಯಾದ ಮೇಲೆ, ಮೂರನೆಯ ಕಡೆಯಲ್ಲಿ. ಡಂಕನ್‌ನ ಜಾತಿಕುದುರೆಗಳು ಲಾಯ ಮುರಿದು ಹೊರನುಗ್ಗಿ ಒಂದನ್ನೊಂದು ತಿಂದವು ಎಂಬ ಸುದ್ದಿ ಬರುವ ದೃಶ್ಯದಲ್ಲೇ ರಾಸ್, ತನ್ನ ಬಾಳಿನ ಬೇರನ್ನೇ ಕಬಳಿಸುವ ದುಂದುಗಾರ ಆಂಬಿಷನ್ ಎನ್ನುತ್ತಾನೆ. ಅವನು ಬೈಯುವುದು ಓಡಿಹೋದ ರಾಜಕುಮಾರರನ್ನು, ಅಪ್ಪನನ್ನು ಕೊಲ್ಲಿಸಿದವರು ಅವರೇ ಎಂಬ ಗುಮಾನಿಯಲ್ಲಿ. ತಗಲುವುದು ಮ್ಯಾಕ್‌ಬೆತ್‌ಗೆ. ಆದ್ದರಿಂದ ಇಲ್ಲಿ ತಿನ್ನುವ ಕ್ರಿಯಾಪದ ಕಣ್ಣಿಗೆ ಕಟ್ಟುವಂತಿರಬೇಕು: ‘ನಾಶಮಾಡುವ’ ಬೇಡ, ‘ಕಬಳಿಸುವ’ ಇರಲಿ.

ಮೂರನ್ನೂ ಸಾಲಾಗಿಟ್ಟು ನೋಡಿದರೆ ಶೇಕ್ಸ್‌ಪಿಯರ್‌ನ ಹದ ಗೊತ್ತಾಗುತ್ತದೆ. ನಾಮಪದ ನಿರ್ದೋಷಿ. ತಪ್ಪೆಲ್ಲ ವಿಶೇಷಣದಲ್ಲಿ: ಒಂದೆಡೆ ‘ಹಾರುವ’, ಇನ್ನೊಂದೆಡೆ ‘ದುಂದಿನ’. ನಾವು ನಾಮಪದದಲ್ಲೇ ತೀರ್ಪು ಬರೆದುಬಿಟ್ಟರೆ ದುರಂತ ಹೋಗಿ ಖಳನ ಕಥೆ ಉಳಿಯುತ್ತದೆ.

ಹಾಗಾದರೆ ಯಾವುದು? ನನ್ನ ಮತ ‘ಹೆಬ್ಬಯಕೆ’ಗೆ. ಹೆಬ್ಬಾಗಿಲು, ಹೆಬ್ಬೆರಳಿನ ಹಾಗೆ ಇದೂ ಅಳತೆ ಹೇಳುತ್ತದೆ, ಬೈಯುವುದಿಲ್ಲ. ಮೂಲದಲ್ಲಿ ಇನ್ನೊಂದು ಎಳೆ ಇದೆ, ‘ಡಿಸೈರ್’, ಅಂದರೆ ಬಯಕೆ. ನಕ್ಷತ್ರಗಳೇ ಬೆಂಕಿ ಮರೆಸಿಕೊಳ್ಳಿ, ನನ್ನ ಕರಿಯ ಬಯಕೆಗಳನ್ನು ಬೆಳಕು ಕಾಣದಿರಲಿ ಎಂದು ಅವನು ಹೇಳುವುದು 1ನೇ ಅಂಕದಲ್ಲಿ. ಬಯಕೆ ಕೈಗೂಡಿಯೂ ನೆಮ್ಮದಿಯಿಲ್ಲದಿದ್ದರೆ ಎಲ್ಲ ಕಳೆದ ಹಾಗೆ ಎಂದು ಅವಳು ಹೇಳುವುದು 3ನೇ ಅಂಕದ 2ನೇ ದೃಶ್ಯದಲ್ಲಿ, ರಾಣಿಯಾದ ಮೇಲೆ. ಬಯಕೆ, ಹೆಬ್ಬಯಕೆ, ಮತ್ತೆ ಬಯಕೆ. ಪ್ರೇಕ್ಷಕನ ಕಿವಿ ಈ ದಾರ ಹಿಡಿಯುತ್ತದೆ.

ಛಂದಸ್ಸಿಗೂ ಅನುಕೂಲ. ಸರಳ ರಗಳೆಯ ಸಾಲಿಗೆ ಐದೈದು ಮಾತ್ರೆಯ ನಾಲ್ಕು ಗಣ. ‘ಹೆಬ್ಬಯಕೆ’ ಸರಿಯಾಗಿ ಐದು ಮಾತ್ರೆ, ಒಂದು ಗಣ. ‘ಮಹತ್ವಾಕಾಂಕ್ಷೆ’ ಎಂಟು ಮಾತ್ರೆ. ಪ್ರತ್ಯಯ ಸೇರಿದರೆ ಅರ್ಧ ಸಾಲನ್ನೇ ಅದು ನುಂಗುತ್ತದೆ. ಮಾದರಿಗೆ ಎರಡು ಸಾಲು:

ಹಾರಿ ಕೂರಲು ಹೋಗಿ ಜೀನನೇ ದಾಟುತ್ತ
ಅತ್ತ ಮಗ್ಗುಲಿಗುರುಳಿ ಬೀಳುವೀ ಹೆಬ್ಬಯಕೆ

ಜೋರಾಗಿ ಓದಿ ನೋಡಿ. ಕೊನೆಯ ಪದದ ಒತ್ತು ‘ಬ್ಬ’ ಮೇಲೆ ಬಿದ್ದ ಕೂಡಲೇ ಲೇಡಿ ಮ್ಯಾಕ್‌ಬೆತ್ ಒಳಬರಬಹುದು.

ಇನ್ನು ‘ಅಧಿಕಾರದಾಹ’. ಮೊದಲೆರಡು ಅಂಕಗಳಿಗೆ ಹೇಗೋ ಒಗ್ಗೀತು, ಮುಂದಕ್ಕೆ ಒಗ್ಗದು. ಕಿರೀಟ ಸಿಕ್ಕಮೇಲೆ ಅವನ ಮಾತಿನಲ್ಲಿ ಆಸೆಯ ಜಾಗಕ್ಕೆ ಭಯ ಬರುತ್ತದೆ. 3ನೇ ಅಂಕದ 1ನೇ ದೃಶ್ಯ ನೋಡಿ: ದೊರೆಯಾಗಿರುವುದು ಏನೂ ಅಲ್ಲ, ನಿರ್ಭಯವಾಗಿ ಆಗಿರಬೇಕು, ಜೊತೆಯ ಸೇನಾಪತಿ ಬ್ಯಾಂಕೋನ ಭಯ ಆಳಕ್ಕೆ ನೆಟ್ಟಿದೆ. ಬ್ಯಾಂಕೋನನ್ನು ಕೊಲ್ಲಿಸುವುದು, ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸುವುದು, ಎರಡೂ ಏನನ್ನೋ ಪಡೆಯಲು ಅಲ್ಲ, ಕಳೆದುಕೊಳ್ಳುವ ಹೆದರಿಕೆಗೆ. 5ನೇ ಅಂಕದಲ್ಲಿ ಭಯದ ರುಚಿಯೇ ಮರೆತಂತಾಗಿದೆ ಎನ್ನುತ್ತಾನೆ. ರಂಗಪ್ರತಿ ತಿದ್ದುವವರು 3ನೇ ಅಂಕದ ಮೇಲೆ ಆಸೆ, ದಾಹದ ಪದಗಳನ್ನು ಹೊಸದಾಗಿ ಸೇರಿಸಿದರೆ ನಟನಿಗೆ ದಾರಿ ತಪ್ಪುತ್ತದೆ. ಅವನು ಐದೂ ಅಂಕ ಒಂದೇ ಹಸಿವನ್ನು ಆಡುತ್ತಾನೆ. ಮಾಟಗಾತಿಯರಿಂದ ಬ್ಯಾಂಕೋಗೂ ಒಂದು ಭವಿಷ್ಯವಾಣಿ ಸಿಕ್ಕಿತ್ತು, ಅವನ ವಂಶದವರು ದೊರೆಗಳಾಗುತ್ತಾರೆ ಎಂದು. ಅವನ ಬಾಯಲ್ಲಿ ‘ಹೋಪ್’ ಎಂದಷ್ಟೇ ಇದೆ. ಅಲ್ಲಿಗೆ ಬರಿಯ ‘ಆಸೆ’ ಸಾಕು.

‘ಛಲ’ವನ್ನು ಬಿಸಾಡಬೇಡಿ. ಪಂಪನ ಕಾಲದಿಂದ ಅದು ದುರ್ಯೋಧನನ ಪದ, ಹಿಡಿದದ್ದನ್ನು ಬಿಡದಿರುವುದು. ಬಯಸುವವನಿಗೆ ಅಲ್ಲ, ಬಯಸಿದ್ದೆಲ್ಲ ಬೂದಿಯಾದಮೇಲೂ ನಿಂತವನಿಗೆ. ಸೋಲಿನ ಗುರುತೆಂದು ಭವಿಷ್ಯ ನುಡಿದಿದ್ದ ಬರ್ನಂ ಕಾಡು ನಡೆದುಬಂದಾಗ, ಸಾಯುವುದಾದರೆ ಬೆನ್ನ ಮೇಲೆ ಕವಚ ತೊಟ್ಟೇ ಸಾಯೋಣ ಎನ್ನುವ ಮ್ಯಾಕ್‌ಬೆತ್‌ಗೆ ಅದು ಮೈಗೊಪ್ಪುತ್ತದೆ. 1895ರಲ್ಲಿ ಎಂ.ಎಲ್. ಶ್ರೀಕಂಠೇಶಗೌಡರು ಈ ನಾಟಕವನ್ನು ‘ಪ್ರತಾಪರುದ್ರದೇವ’ ಎಂದು ಕನ್ನಡಕ್ಕೆ ಒಗ್ಗಿಸಿದಾಗಿನಿಂದ ಈ ಕಥೆ ನಮ್ಮ ವೀರರ ಭಾಷೆಯ ಪಕ್ಕದಲ್ಲೇ ಇದೆ. ಆ ನಂಟನ್ನು ಕೊನೆಯ ಅಂಕದಲ್ಲಿ ಧಾರಾಳವಾಗಿ ಬಳಸಿಕೊಳ್ಳಬಹುದು.

ಮರುಪ್ರತಿಕ್ರಿಯೆ:

ಸರ್, ಬಹುಪಾಲು ಒಪ್ಪುತ್ತೇನೆ. ‘ಆಕಾಂಕ್ಷೆ’ಯನ್ನು ಮಾತ್ರ ಇಷ್ಟು ಬೇಗ ಬಿಡಬಾರದು. ಲ್ಯಾಟಿನ್ ಮೂಲದಲ್ಲಿ ‘ಆಂಬಿಷಿಯೊ’ ಎಂದರೆ ಸುತ್ತುವುದು, ರೋಮಿನಲ್ಲಿ ಪದವಿಗಾಗಿ ಮತ ಕೇಳುತ್ತ ಜನರ ನಡುವೆ ಓಡಾಡುವುದು. ನಮ್ಮಲ್ಲಿ ‘ಟಿಕೆಟ್ ಆಕಾಂಕ್ಷಿಗಳು’ ಮುಖಂಡರ ಮನೆ ಸುತ್ತುವುದಕ್ಕೂ ಇದಕ್ಕೂ ಅರ್ಥದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ವಾಕ್ಯದ ಅರ್ಥವನ್ನು ಚರ್ಚಿಸುವ ಶಾಸ್ತ್ರದಲ್ಲಿಯೂ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎನ್ನುವಾಗ ಆಕಾಂಕ್ಷೆ ಎಂದರೆ ಒಂದು ಪದ ತನ್ನಷ್ಟಕ್ಕೆ ಪೂರ್ಣವಾಗದೆ ಇನ್ನೊಂದನ್ನು ಬೇಡುವುದು. ಒಂದು ಕೊಲೆ ಮುಂದಿನ ಕೊಲೆಯನ್ನು ಬೇಡುವ ನಾಟಕಕ್ಕೆ ಇದಕ್ಕಿಂತ ಹತ್ತಿರದ ಪದ ಕಾಣೆ. ಸಂಭಾಷಣೆಗೆ ಹೆಬ್ಬಯಕೆ, ವಿಮರ್ಶೆಗೆ ಆಕಾಂಕ್ಷೆ ಎಂದು ಹಂಚಿಕೊಂಡರೆ ಹೇಗೆ?

ಇನ್ನೊಂದು ಮಾತು. ‘ಬಯಕೆ’ ಎಂದ ಕೂಡಲೇ ಮನೆಮಾತಿನಲ್ಲಿ ಬಸುರಿಯ ಬಯಕೆ ನೆನಪಾಗುತ್ತದೆ, ಅಲ್ಲವೇ? ರಾಜಗಾಂಭೀರ್ಯಕ್ಕೆ ಅದು ಅಡ್ಡಿಯಾಗದೇ?

ಉತ್ತರ:

ಹಂಚಿಕೆ ಒಪ್ಪಿಗೆ, ಮೇಡಂ. ಬಸುರಿಯ ಬಯಕೆಯನ್ನು ಮಾತ್ರ ಅಡ್ಡಿ ಎನ್ನಲಾರೆ. ಎದೆಹಾಲನ್ನು ಕಹಿಪಿತ್ತಕ್ಕೆ ಬದಲಿಸಿಕೊಳ್ಳಿ ಎಂದು ಪಿಶಾಚಿಗಳನ್ನು ಕರೆಯುವವಳು, ಹಾಲೂಡಿದ ಕೂಸನ್ನೂ ನೆಲಕ್ಕೆ ಅಪ್ಪಳಿಸುತ್ತಿದ್ದೆ ಎನ್ನುವವಳು ಲೇಡಿ ಮ್ಯಾಕ್‌ಬೆತ್. ಅವರ ಸಿಂಹಾಸನಕ್ಕೆ ಮುಂದೆ ವಾರಸುದಾರನಿಲ್ಲ. ಮಾಟಗಾತಿಯರು ತನ್ನ ಕೈಗೆ ಬಂಜೆ ರಾಜದಂಡ ಹಿಡಿಸಿದರು ಎಂದು ಮ್ಯಾಕ್‌ಬೆತ್‌ನೇ ಗೋಳಾಡುತ್ತಾನೆ. ಬಯಕೆ ಎಂಬ ಪದ ಆ ದಂಪತಿಯ ಬಾಯಲ್ಲಿ ಬಂದಾಗ ಕೇಳುವವರಿಗೆ ತೊಟ್ಟಿಲು ನೆನಪಾಗಲಿ. ಮೂಲದಲ್ಲೂ ಹಾರುವ ಕುದುರೆಯ ಸಾಲಿಗೆ ಸ್ವಲ್ಪ ಮುಂಚೆ, ಬಿರುಗಾಳಿಯನ್ನೇರಿದ ಬತ್ತಲೆ ಹಸುಗೂಸಿನ ಚಿತ್ರವಿದೆ.